ಹಸಿರು ಬಾಗಿಲಿನ ಹಿಂದಿನ ಕಾವಲಿ

ಸುಹೈಲಾ, ಇಮ್ರಾನ್, ನೀವಿಬ್ಬರೂ ರಜೆಯಲ್ಲಿ ಊರೂರು ಸುತ್ತುತ್ತ ತಿಂದ ಬರ್ಗರುಗಳ ಫೋಟೊ ಕಳಿಸಿದ್ದಿರಿ. ಜೊತೆಗೆ, ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಒಳ್ಳೆಯ ಅಂಗಡಿ ಹುಡುಕುವುದು ಹೇಗೆ ಅಜ್ಜೀ ಎಂದು ಕೇಳಿದ್ದಿರಿ. ನಾನು ಫೋನಿನಲ್ಲಿ ನಕ್ಕು ಸುಮ್ಮನಾದೆ. ಎದುರಿಗೆ ಜನ ಇದ್ದರೂ, ಫೋನಿನ ಆ ಕಡೆ ಇದ್ದರೂ ನನಗೆ ಮಾತು ಹೊರಡುವುದಿಲ್ಲ. ಬರೆಯಲು ಕೂತರೆ ಹಾಗಲ್ಲ. ಸುಹೈಲಾ ಈಗ ಹೋಟೆಲಿನ ಅಡುಗೆಮನೆಗೆ ಕೆಲಸಕ್ಕೆ ಸೇರಿದ್ದಾಳೆ. ಆದ್ದರಿಂದ ನಾನು ಕಂಡದ್ದನ್ನು ಬರೆದಿಡುವುದು ಒಳ್ಳೆಯದು ಅನಿಸಿತು. ನಾನು ವಿಟ್ಲದ ಹತ್ತಿರದ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ತೊಂಬತ್ತರ ದಶಕದಲ್ಲಿ ನಾವು ಕತಾರಿನಲ್ಲಿದ್ದೆವು ಎಂಬುದು ನಿಮಗೆ ಗೊತ್ತು. ನಿಮ್ಮ ಅಜ್ಜ ಅಲ್ಲಿ ‘ಹೋಟೆಲಿನಲ್ಲಿ’ ಇದ್ದರು ಎಂದು ನಿಮ್ಮ ಉಮ್ಮ, ನನ್ನ ಮಗಳು ನಸೀಮಾ, ಹೇಳಿರಬಹುದು. ಅದು ಹೋಟೆಲ್ ಅಲ್ಲ. ದೋಹಾದ ಮುಂತಜಾದಲ್ಲಿ ಒಂದು ಹಳೆಯ ಕಟ್ಟಡದ ಕೆಳಗೆ, ಟೈಲರನ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ, ನಾಲ್ಕು ಮೇಜಿನ ಒಂದು ಬರ್ಗರ್ ಅಂಗಡಿ. ಬೋರ್ಡಿನ ಅಕ್ಷರಗಳು ಬಿಸಿಲಿಗೆ ಮಾಸಿ ಹೋಗಿದ್ದವು. ಬಾಗಿಲಿಗೆ ಹಸಿರು ಬಣ್ಣ ಬಳಿದಿದ್ದರಿಂದ ಎಲ್ಲರೂ ಅದನ್ನು ಹಸಿರು ಬಾಗಿಲು ಎನ್ನುತ್ತಿದ್ದರು. ಟ್ಯಾಕ್ಸಿಯವರಿಗೆ ಅಷ್ಟು ಹೇಳಿದರೆ ಸಾಕಾಗುತ್ತಿತ್ತು. ಯಾವ ಪುಸ್ತಕದಲ್ಲೂ ಅದರ ಹೆಸರು ಬಂದದ್ದಿಲ್ಲ.

ಅಂಗಡಿ ನಡೆಸುತ್ತಿದ್ದವರು ಲೆಬನಾನಿನ ಅಬು ಸಮೀರ್. ದಪ್ಪ ಮನುಷ್ಯ, ಬಿಳಿ ಮೀಸೆ, ಅರಬಿಯ ಜೊತೆ ಹರಕು ಮುರುಕು ಹಿಂದಿ. ಬರ್ಗರ್ ಬೇಯಿಸುವ ಕಾವಲಿಯ ಮುಂದೆ ನಿಲ್ಲುತ್ತಿದ್ದವರು ನಿಮ್ಮ ಅಜ್ಜ. ಮೇಜಿಗೆ ಕೊಡಲು, ಪಾರ್ಸೆಲ್ ಒಯ್ಯಲು ಕಾಸರಗೋಡಿನ ಬಶೀರ್. ಹಿಂದಿನ ಕೋಣೆಯಲ್ಲಿ ನಾನು. ಈರುಳ್ಳಿ ಹೆಚ್ಚುವುದು, ಸೌತೆಕಾಯಿ ಉಪ್ಪಿಗೆ ಹಾಕುವುದು, ಮಾಂಸ ತಟ್ಟಿ ಕೊಡುವುದು. ನನ್ನ ಕೋಣೆಗೂ ಕಾವಲಿಗೂ ನಡುವೆ ಗೋಡೆಯಲ್ಲಿ ಒಂದು ಕಿಂಡಿ. ಕಾವಲಿಗೂ ಗಿರಾಕಿಗಳಿಗೂ ನಡುವೆ ನೀಲಿ ಪರದೆ. ಆ ಪರದೆಯ ಆಚೆ ನಾನು ಎರಡು ವರ್ಷ ಕಾಲಿಟ್ಟಿರಲಿಲ್ಲ. ಬೆಳಿಗ್ಗೆ ಹಿಂದಿನ ಬಾಗಿಲಿನಿಂದ ಬಂದರೆ ಅದೇ ಬಾಗಿಲಿನಿಂದ ಮನೆಗೆ.

ನಾನು ಕೆಲಸಕ್ಕೆ ಸೇರಿದ್ದೂ ಅಬು ಸಮೀರರ ಒತ್ತಾಯಕ್ಕೆ. ನಿಮ್ಮ ಅಜ್ಜನ ಬುತ್ತಿಯಲ್ಲಿ ಒಂದು ದಿನ ನಾನು ತಟ್ಟಿದ ಅಕ್ಕಿ ರೊಟ್ಟಿ ಇತ್ತಂತೆ. ಅದನ್ನು ಬೆಳಕಿಗೆ ಹಿಡಿದು ನೋಡಿ, ಇಷ್ಟು ಸಮನಾಗಿ ತಟ್ಟುವ ಕೈ ಯಾರದು ಎಂದು ಕೇಳಿದರಂತೆ. ಆಮೇಲೆ ಬೇಕಾದ ಕಾಗದಪತ್ರ, ಹೆಲ್ತ್ ಕಾರ್ಡ್ ಎಲ್ಲ ಅವರೇ ಮಾಡಿಸಿದರು. ನನ್ನನ್ನು ಅವರು ‘ಉಮ್ಮು ನಸೀಮಾ’ ಎಂದು ಕರೆಯುತ್ತಿದ್ದರು, ನಸೀಮಾಳ ತಾಯಿ ಎಂದು. ಊರಿನಲ್ಲಿ ನಾನು ಇಂಥವರ ಮಗಳು, ಇಂಥವರ ಸೊಸೆ. ಮಗಳ ಹೆಸರಿನಿಂದ ಕರೆಸಿಕೊಂಡದ್ದು ಅದೇ ಮೊದಲು. ಆ ದಿನ ಮನೆಗೆ ಹೋಗಿ ನಿಮ್ಮ ಉಮ್ಮನಿಗೆ ಹೇಳಿದೆ, ನಿನ್ನಿಂದಾಗಿ ನನಗೊಂದು ಹೊಸ ಹೆಸರು ಬಂತು ಎಂದು. ಅವಳು ಆಗ ಮೂರನೇ ಕ್ಲಾಸು.

ಸೇರಿದ ಮೊದಲನೇ ವಾರವೇ ನಾನು ದೊಡ್ಡ ತಪ್ಪು ಮಾಡಿದೆ. ಸುಹೈಲಾ, ಇದನ್ನು ನಿನಗಾಗಿಯೇ ಬರೆಯುತ್ತಿದ್ದೇನೆ.

ಅಬು ಸಮೀರ್ ಬೆಳಿಗ್ಗೆ ಬೆಳಿಗ್ಗೆ ತಾವೇ ಮಾಂಸದ ತುಂಡು ತಂದು, ಕೈಯಿಂದ ತಿರುಗಿಸುವ ಮೆಷಿನಿನಲ್ಲಿ ಕೀಮಾ ಮಾಡಿ, ತಣ್ಣಗಿನ ತಟ್ಟೆಯಲ್ಲಿ ಇಟ್ಟು ಹೋಗುತ್ತಿದ್ದರು. ಅಂದು ಅದನ್ನು ಉಂಡೆ ಮಾಡಿ ತಟ್ಟಿಡು ಎಂದು ನನಗೆ ಹೇಳಿ ಹೊರಗೆ ಹೋದರು. ನಾನು ತಟ್ಟೆ ನೋಡಿದೆ. ಮಾಂಸ ಕೆಂಪಗೆ ಇತ್ತು, ತೊಳೆದಿರಲಿಲ್ಲ. ನಮ್ಮಲ್ಲಿ ಮಾಂಸವನ್ನು ತೊಳೆಯದೆ ಒಲೆಯ ಹತ್ತಿರ ತರುವುದುಂಟಾ? ನನ್ನ ಉಮ್ಮ ಮೂರು ನೀರು ಎನ್ನುತ್ತಿದ್ದರು. ಮೊದಲನೆಯದು ಬರಿ ನೀರು, ಎರಡನೆಯದು ಅರಸಿನ, ಮೂರನೆಯದು ಉಪ್ಪು. ಇಲ್ಲಿನವರು ಗಂಡಸರು, ಅವಸರದಲ್ಲಿ ಮರೆತಿದ್ದಾರೆ ಎಂದುಕೊಂಡೆ. ಪೂರಾ ಕೀಮಾವನ್ನು ತೂತಿನ ಪಾತ್ರೆಗೆ ಹಾಕಿ, ನಲ್ಲಿಯ ಕೆಳಗೆ ಹಿಡಿದು, ಮೂರು ನೀರು ತೊಳೆದು, ಬಟ್ಟೆಯಲ್ಲಿ ಕಟ್ಟಿ ಹಿಂಡಿದೆ. ನೀರು ತಿಳಿಯಾದಾಗ ಮನಸ್ಸಿಗೆ ಸಮಾಧಾನವಾಯಿತು.

ಮಧ್ಯಾಹ್ನದ ಮೊದಲ ಆರ್ಡರಿಗೆ ಕಾವಲಿಯ ಮೇಲೆ ನಿಮ್ಮ ಅಜ್ಜ ಇಟ್ಟದ್ದು ಬರ್ಗರ್ ಆಗಲಿಲ್ಲ. ಬೂದು ಬಣ್ಣಕ್ಕೆ ತಿರುಗಿ, ನೀರು ಬಿಟ್ಟು, ಸಟ್ಟುಗ ತಾಗಿದ ಕೂಡಲೇ ಒಣಗಿದ ಮಣ್ಣಿನ ಹಾಗೆ ಉದುರಿತು. ಎರಡನೆಯದೂ ಹಾಗೆ. ಅವರು ಕಿಂಡಿಯಿಂದ ತಲೆ ಹಾಕಿ ಕೇಳಿದರು, “ನೆಬಿಸಾ, ಇದಕ್ಕೆ ಏನು ಮಾಡಿದೆ ಮಾರಾಯ್ತಿ?”

“ತೊಳೆದೆ,” ಎಂದೆ.

“ಕೀಮಾವನ್ನಾ?”

“ಹೂಂ. ಮೂರು ನೀರು.”

ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. ಅಷ್ಟರಲ್ಲಿ ಅಬು ಸಮೀರ್ ಬಂದು ನೋಡಿದರು. ನಾನು ಗೋಡೆಗೆ ಒರಗಿ ನಿಂತೆ. ಬೈಗುಳ ಬರುತ್ತದೆ, ಇವತ್ತಿಗೆ ಕೆಲಸ ಮುಗಿಯಿತು ಎಂದುಕೊಂಡೆ. ಅವರು ಬಾಗಿಲಿಗೆ ‘ಮುಚ್ಚಿದೆ’ ಎಂಬ ಹಲಗೆ ನೇತುಹಾಕಿಸಿದರು. ಮಧ್ಯಾಹ್ನದ ವ್ಯಾಪಾರವನ್ನೇ ಬಿಟ್ಟರು. ಪೆಟ್ಟಿಗೆಯಲ್ಲಿ ಉಳಿದಿದ್ದ ತುಂಡಿನಿಂದ ಒಂದು ಹಿಡಿ ಕೀಮಾ ಮಾಡಿ, ಅದನ್ನೂ ನನ್ನ ತೊಳೆದ ಕೀಮಾವನ್ನೂ ಅಕ್ಕಪಕ್ಕ ಕಾವಲಿಗೆ ಹಾಕಿದರು. ನನಗೆ ಕಣ್ಣು ಮುಚ್ಚಲು ಹೇಳಿದರು. ನೋಡುವುದಕ್ಕೆ ಮೊದಲು ಕೇಳು ಎಂದರು.

ನಾನು ಕೇಳಿದೆ. ಒಂದು ಕಡೆ ಹಸಿ ಸೌದೆಯ ಹಾಗೆ ಬುಸುಬುಸು. ಇನ್ನೊಂದು ಕಡೆ ಸಣ್ಣಗೆ, ಒಂದೇ ಸಮನೆ, ದೂರದಲ್ಲಿ ಹಂಚಿನ ಮೇಲೆ ಮಳೆ ಬಿದ್ದ ಹಾಗೆ. ಸ್ವಲ್ಪ ಹೊತ್ತಿಗೆ ಆ ಶಬ್ದ ತೆಳ್ಳಗಾಗಿ, ಒಂದು ಉಸಿರಿನಷ್ಟು ನಿಂತು, ಮತ್ತೆ ಬೇರೆ ದನಿಯಲ್ಲಿ ಶುರುವಾಯಿತು. “ಈಗ,” ಎಂದು ಅಬು ಸಮೀರ್ ಮಗುಚಿದರು. ನಾನು ಕಣ್ಣು ಬಿಟ್ಟೆ. ಮಾಂಸದ ಮೇಲೆ ಅಂಚಿನಿಂದ ಅಂಚಿಗೆ ಕಂದು ಬಣ್ಣದ ಗರಿ ಗರಿ ಪದರ. ಉಪ್ಪು ಬಿಟ್ಟು ಬೇರೇನೂ ಹಾಕಿರಲಿಲ್ಲ. ತಿಂದೆ. ಅಡುಗೆಯನ್ನು ಕಿವಿಯಿಂದ ಮಾಡಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ನಿಮ್ಮ ಊರಿನಲ್ಲಿ ಮಾಂಸ ಹೇಗೆ ಬರುತ್ತದೆ ಎಂದು ಅವರು ಕೇಳಿದರು. ತೇಗದ ಎಲೆಯಲ್ಲಿ ಕಟ್ಟಿ, ಬಿಸಿಲಲ್ಲಿ ಹೊತ್ತು ತರುತ್ತಾರೆ ಎಂದೆ. ಹಾಗಾದರೆ ನಿನ್ನ ತಾಯಿ ಸರಿ, ಆದರೆ ಇದು ಐಸಿನಲ್ಲಿಟ್ಟು ಬರುವ ಮಾಂಸ, ಇದಕ್ಕೆ ನೀರೂ ಆಗದು, ಕೊಬ್ಬು ಕರಗಿಸುವ ಬಿಸಿ ಕೈಯೂ ಆಗದು ಎಂದರು. ಆಮೇಲೆ ನನ್ನ ಕೈ ಚಾಚಲು ಹೇಳಿ, ಒಂದು ಬೆರಳಿನಿಂದ ಅಂಗೈ ಮುಟ್ಟಿ ನೋಡಿ ನಿಮ್ಮ ಅಜ್ಜನ ಕಡೆ ತಿರುಗಿದರು. “ಮೊಯ್ದಿನ್, ಇವಳ ಕೈ ನೋಡಿದ್ದೀಯಾ? ಫ್ರಿಜ್ಜಿನೊಳಗೆ ಇಟ್ಟ ಹಾಗೆ ಉಂಟು.”

ನನ್ನ ಕೈ ಹುಟ್ಟಿದಾಗಿನಿಂದ ಹಾಗೇ ತಣ್ಣಗೆ. ಹೆದರಿದಾಗ ಇನ್ನೂ ತಣ್ಣಗಾಗುತ್ತದೆ. ಇದು ನೆಂಟರ ಮಕ್ಕಳನ್ನು ಎತ್ತಿಕೊಂಡರೆ ಅಳಿಸುವ ಕೈ ಎಂದು ಊರಿನಲ್ಲಿ ನಗುತ್ತಿದ್ದರು. ಅದೂ ಒಂದು ಕೆಲಸಕ್ಕೆ ಬರುವ ಗುಣ ಎಂದು ಅಂದು ತಿಳಿಯಿತು.

ತೊಳೆದ ಕೀಮಾವನ್ನು ಎಸೆಯಲು ಮನಸ್ಸು ಬರಲಿಲ್ಲ. ಶುಂಠಿ, ಹಸಿಮೆಣಸು, ಬೇಯಿಸಿದ ಆಲೂಗಡ್ಡೆ ಹಾಕಿ ಕಟ್ಲೆಟ್ ಮಾಡಿದೆ. ಮೂರು ದಿನ ನಾವೇ ತಿಂದೆವು. ನನ್ನನ್ನು ಅಕ್ಕ ಎಂಬ ಅರ್ಥದಲ್ಲಿ ಇತ್ತಾ ಎನ್ನುತ್ತಿದ್ದ ಬಶೀರ್ ಮೂರನೆಯ ದಿನ, “ಇತ್ತಾ, ನಾಳೆ ಬನ್ ಕೂಡ ಒಗೆದು ಒಣಗಲು ಹಾಕ್ತೀರಾ?” ಎಂದು ಕೇಳಿದ. ನಿಮ್ಮ ಅಜ್ಜ ಆ ಮಾತನ್ನು ಹತ್ತು ವರ್ಷ ಬಳಸಿದರು.

ನೀವು ಕೇಳಿದ ಅಂಗಡಿಗಳ ವಿಷಯಕ್ಕೆ ಬರುತ್ತೇನೆ. ಶುಕ್ರವಾರ ಜುಮಾ ನಮಾಜಿನ ನಂತರ ಅಬು ಸಮೀರ್ ನಮ್ಮನ್ನೂ ನಿಮ್ಮ ಉಮ್ಮನನ್ನೂ ಹಳೆಯ ಪಿಕಪ್ಪಿನಲ್ಲಿ ಕೂರಿಸಿಕೊಂಡು ಬೇರೆಯವರ ಅಂಗಡಿಗಳಿಗೆ ಒಯ್ಯುತ್ತಿದ್ದರು. ತನ್ನದನ್ನೇ ತಿನ್ನುವ ಅಡುಗೆಯವನು ಕುರುಡ ಎಂದು ಅವರ ಅಭಿಪ್ರಾಯ. ದೊಡ್ಡ ಕಂಪನಿಗಳ ಅಂಗಡಿಗೆ ಒಮ್ಮೆಯೂ ಹೋಗಲಿಲ್ಲ. ಅಲ್ ವಕ್ರಾದಲ್ಲಿ, ಮೀನಿನ ದೋಣಿಗಳು ನಿಲ್ಲುವಲ್ಲಿ, ಒಬ್ಬ ಈಜಿಪ್ಟಿನ ಮುದುಕ ಎರಡು ಬೆಂಚು ಹಾಕಿಕೊಂಡಿದ್ದ. ಅವನದು ಮೀನಿನ ಬರ್ಗರ್. ಆ ದಿನ ದೋಣಿಯಲ್ಲಿ ಬಂದ ಮೀನನ್ನು ಚಾಕುವಿನಿಂದಲೇ ಕೊಚ್ಚಿ, ಕೊತ್ತಂಬರಿ ಸೊಪ್ಪು ಸೇರಿಸಿ ಕಾವಲಿಗೆ ಹಾಕಿ, ಅದು ಬೇಯುವಾಗ ಬನ್ನನ್ನು ಅದರ ಮೇಲೆಯೇ ಮುಚ್ಚಿಡುತ್ತಿದ್ದ. ಮೀನಿನ ಹಬೆಯಲ್ಲಿ ಬನ್ ಮೆತ್ತಗಾಗುತ್ತಿತ್ತು. ಕಡಲ ಕರೆಯ ಜಿಲ್ಲೆಯವಳು ನಾನು, ಹುಟ್ಟಿದಾಗಿನಿಂದ ಮೀನು ತಿಂದವಳು. ಆ ಬೆಂಚಿನ ಮೇಲೆ ಕೂತು, ಕಪ್ಪು ಬುರ್ಖಾದ ಮರೆಯಲ್ಲಿ ತಿಂದೆ. ಮೀನು ಇಷ್ಟು ಸಿಹಿ ಎಂದು ಅಷ್ಟು ದಿನ ನನಗೆ ಗೊತ್ತೇ ಇರಲಿಲ್ಲವಲ್ಲ ಎನಿಸಿತು.

ಇನ್ನೊಂದು ಸೌದಿ ಕಡೆಗೆ ಹೋಗುವ ದಾರಿಯಲ್ಲಿ, ಪೆಟ್ರೋಲ್ ಪಂಪಿನ ಮಗ್ಗುಲಿಗೆ. ಸುತ್ತ ಮರಳು ಬಿಟ್ಟರೆ ಏನೂ ಇಲ್ಲ. ಅಲ್ಲಿಗೆ ಲಾರಿ ಡ್ರೈವರುಗಳು ಮಾತ್ರ ಬರುತ್ತಿದ್ದರು. ಅಡುಗೆಯವನು ಪೇಶಾವರದ ಕಡೆಯವನು. ದೂರದಲ್ಲಿ ಲಾರಿ ಹಾರ್ನ್ ಹೊಡೆದರೆ, ಬರುತ್ತಿರುವವರು ಯಾರು, ಅವರಿಗೆ ಮೊಟ್ಟೆ ಬೇಕೋ ಬೇಡವೋ ಎಂದು ತಿಳಿದು ಕಾವಲಿಗೆ ಹಾಕುತ್ತಿದ್ದ. ಒಂದು ಕೈ ಸ್ಟಿಯರಿಂಗಿನ ಮೇಲೆ ಇಟ್ಟು ತಿನ್ನಲಾಗುವಂತೆ ಕಾಗದ ಮಡಚುವ ಅವನ ಬಗೆಯನ್ನು ನಾನು ಇವತ್ತಿಗೂ ಮಾಡಬಲ್ಲೆ. ಆ ಅಂಗಡಿಗಳು ಈಗ ಇರಲಾರವು. ಆದರೆ ಅಂಥವು ಎಲ್ಲ ಊರಿನಲ್ಲೂ ಇರುತ್ತವೆ. ನೀವು ಹೋದಾಗ ಮೊದಲು ಕಾವಲಿ ಒರೆಸುವ ಬಟ್ಟೆ ಚೊಕ್ಕ ಉಂಟಾ ನೋಡಿ. ಗೋಡೆಯ ಮೇಲೆ ಅರವತ್ತು ತಿಂಡಿಯ ಪಟ್ಟಿ ಇದ್ದರೆ ಎದ್ದು ಬನ್ನಿ. ಅಡುಗೆಯವನು ತನ್ನ ಊಟಕ್ಕೆ ಅಲ್ಲಿಯದನ್ನೇ ತಿನ್ನುತ್ತಿದ್ದರೆ ಕೂರಿ.

ಇನ್ನು ಹೇಳಬೇಕಾದದ್ದು ನಿಮ್ಮ ಅಜ್ಜನ ಬಲಗೈಯ ಕಥೆ. ಆ ಕೈಯ ಮೇಲಿನ ಕಲೆಯನ್ನು ಸುಹೈಲಾ ಚಿಕ್ಕವಳಿದ್ದಾಗ ಭೂಪಟ ಎನ್ನುತ್ತಿದ್ದಳು.

ಕಾವಲಿಯ ಕೆಳಗೆ ಕರಗಿದ ಕೊಬ್ಬು ಬೀಳುವ ತಟ್ಟೆ ಇತ್ತು. ಆರುವ ಮೊದಲು ಅದನ್ನು ಎಳೆಯಬಾರದು ಎಂಬುದು ಅಬು ಸಮೀರರ ನಿಯಮ. ಒಂದು ಮಧ್ಯಾಹ್ನ ತಟ್ಟೆ ತುಂಬಿತ್ತು, ಹೊರಗೆ ಹತ್ತು ಜನ ಕಾಯುತ್ತಿದ್ದರು. ನಿಮ್ಮ ಅಜ್ಜ ಎಳೆದರು. ಬಿಸಿ ಕೊಬ್ಬು ಮುಂಗೈಯಿಂದ ಮೊಣಕೈವರೆಗೆ ಸುರಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಎರಡು ತಿಂಗಳು ಬೆಂಕಿಯ ಹತ್ತಿರ ಹೋಗಬಾರದು ಎಂದರು.

ಅಂಗಡಿಗೆ ಇದ್ದದ್ದು ಮೂರೇ ವೀಸಾ. ಅಬು ಸಮೀರರದು, ನಿಮ್ಮ ಅಜ್ಜನದು, ಬಶೀರನದು. ನಾನೂ ನಿಮ್ಮ ಉಮ್ಮನೂ ಅಜ್ಜನ ವೀಸಾದ ಬಲದಲ್ಲಿ ಅಲ್ಲಿದ್ದವರು. ಅಬು ಸಮೀರರಿಗೆ ಮೊಣಕಾಲು ನೋವು, ದಿನವಿಡೀ ಕಾವಲಿಯ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಬೈರೂತಿನಲ್ಲಿ ಅವರ ತಮ್ಮನ ಮಗ ಕೆಲಸವಿಲ್ಲದೆ ಕೂತಿದ್ದ. ಅವನನ್ನು ಕರೆಸಬೇಕೆಂದರೆ ಒಂದು ವೀಸಾ ಖಾಲಿಯಾಗಬೇಕು. ಖಾಲಿಯಾಗುವುದು ನಿಮ್ಮ ಅಜ್ಜನದೇ ಎಂದು ಎಲ್ಲರಿಗೂ ಗೊತ್ತಿತ್ತು. ನಿಮ್ಮ ಉಮ್ಮ ಆಗ ಐದನೇ ಕ್ಲಾಸು, ಶಾಲೆಯ ವರ್ಷ ಅರ್ಧಕ್ಕೆ ಬಂದಿತ್ತು. ಊರಿಗೆ ಹೋದರೆ ನಮಗೆ ಇದ್ದದ್ದು ಮೈದುನನ ಮನೆಯ ಒಂದು ಕೋಣೆ.

ಆ ಸಂಜೆ ಮನೆಯಲ್ಲಿ ನಿಮ್ಮ ಅಜ್ಜ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತಿದ್ದರು. ನಾನು ಅನ್ನ ಕಲಸಿ ತಿನ್ನಿಸುತ್ತಿದ್ದೆ. “ನಾನು ನಿಲ್ಲುತ್ತೇನೆ,” ಎಂದೆ.

“ಎಲ್ಲಿ?”

“ಕಾವಲಿಯ ಹತ್ತಿರ. ಪರದೆ ಉಂಟಲ್ಲ. ಯಾರಿಗೂ ಕಾಣುವುದಿಲ್ಲ.”

ಅವರು ತುತ್ತು ನುಂಗಿದರು. “ಮನೆಗೆ ನೆಂಟರು ಬಂದರೆ ಬಾಗಿಲ ಹಿಂದೆ ನಿಲ್ಲುವವಳು ನೀನು,” ಎಂದರು. ಆದರೆ ಬೇಡ ಎನ್ನಲಿಲ್ಲ.

ಅಬು ಸಮೀರ್ ಒಂದು ವಾರ ಕೊಟ್ಟರು. ಗುರುವಾರದವರೆಗೆ ನೋಡುತ್ತೇನೆ, ಆಮೇಲೆ ಬೈರೂತಿಗೆ ಫೋನು ಮಾಡಬೇಕೋ ಬೇಡವೋ ಹೇಳುತ್ತೇನೆ ಎಂದರು. ಗುರುವಾರ ಯಾಕೆ ಎಂದು ನಮಗೆಲ್ಲ ಗೊತ್ತಿತ್ತು. ಗುರುವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಅಬು ನಾಸರ್ ಬರುತ್ತಿದ್ದರು. ಎಂಬತ್ತರ ಹತ್ತಿರದ ಕತಾರಿ ಅಜ್ಜ. ಸಣ್ಣ ಪ್ರಾಯದಲ್ಲಿ ಮುತ್ತಿಗಾಗಿ ಕಡಲಿಗೆ ಮುಳುಗುತ್ತಿದ್ದವರು. ಕಡಲ ತಳದಲ್ಲಿ ತನ್ನ ರಕ್ತ ಹರಿಯುವ ಶಬ್ದ ತನಗೇ ಕೇಳುತ್ತದೆ ಎಂದು ಒಮ್ಮೆ ಅವರು ಹೇಳಿದ್ದನ್ನು ನಿಮ್ಮ ಅಜ್ಜ ಕಿಂಡಿಯಿಂದ ತಿಳಿಸಿದಾಗ ನಾನು ಈರುಳ್ಳಿ ಹೆಚ್ಚುವುದನ್ನು ಬಿಟ್ಟು ನಿಂತಿದ್ದೆ. ಅವರು ಕಣ್ಣು ಮುಚ್ಚಿ ತಿನ್ನುತ್ತಿದ್ದರು. ಸರಿ ಇಲ್ಲದಿದ್ದರೆ ಒಂದು ಮಾತೂ ಆಡದೆ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಿದ್ದರು. ಅವರದನ್ನು ಮಾತ್ರ ನಿಮ್ಮ ಅಜ್ಜ ಕಾವಲಿಯ ಹತ್ತಿರವೇ ಆಗಿಂದಾಗ ತಾವೇ ತಟ್ಟುತ್ತಿದ್ದರು; ಅಂಥವರಿಗೂ ಆ ತಟ್ಟೆ ಐದಾರು ಸಲ ವಾಪಸು ಬಂದಿತ್ತು. ಮನೆಗೆ ಮಾತ್ರ ಯಾವತ್ತೂ ಏನನ್ನೂ ಒಯ್ದವರಲ್ಲ. ಅವರ ಹೆಂಡತಿ ಅಂಗಡಿಯ ಮಾಂಸ ತಿನ್ನುವುದಿಲ್ಲವಂತೆ.

ಆ ವಾರ ನಾನು ಪರದೆಯ ಹಿಂದೆ ನಿಂತೆ. ನಿಮ್ಮ ಅಜ್ಜ ಬೆಂಕಿಯಿಂದ ಸ್ವಲ್ಪ ದೂರ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಮೊದಲನೆಯ ದಿನ ಎರಡು ಸುಟ್ಟವು. ಎರಡನೆಯ ದಿನ ಅವರು ಹೇಳಿಕೊಡುವುದಕ್ಕೆ ಮೊದಲೇ ನನ್ನ ಸಟ್ಟುಗ ಮಗುಚುತ್ತಿತ್ತು. ಎರಡು ವರ್ಷ ಕಿಂಡಿಯ ಆಚೆಯಿಂದ ಆ ಶಬ್ದ ಕೇಳಿದ್ದೆನಲ್ಲ. ಅಂಗಡಿಯಲ್ಲಿ ಜನ ಮಾತಾಡಲಿ, ಬೀದಿಯಲ್ಲಿ ಕಾರು ಕೂಗಲಿ, ಆ ಒಂದು ಉಸಿರಿನಷ್ಟು ಮೌನ ನನಗೆ ತಪ್ಪುತ್ತಿರಲಿಲ್ಲ. ಮೂರನೆಯ ದಿನದಿಂದ ಅವರು ಹೇಳಿಕೊಡುವುದನ್ನು ಬಿಟ್ಟರು. ಸುಮ್ಮನೆ ನನ್ನ ಕೈ ನೋಡುತ್ತಿದ್ದರು.

ಗುರುವಾರ ಬಂತು. ಅಬು ನಾಸರ್ ತಮ್ಮ ಜಾಗದಲ್ಲಿ ಕೂತರು. ಎದುರಿಗೆ ಅಬು ಸಮೀರ್. ನಾನು ತಟ್ಟಿದೆ, ಹಾಕಿದೆ, ಕೇಳಿದೆ, ಮಗುಚಿದೆ. ಬನ್ನಿನೊಳಗೆ ಇಟ್ಟು ತಟ್ಟೆಯನ್ನು ಕಿರುಮೇಜಿನ ಮೇಲೆ ಇಟ್ಟೆ. ಆಗ ನೋಡಿದರೆ ಬಶೀರ್ ಇಲ್ಲ. ಟೈಲರನ ಅಂಗಡಿಗೆ ಪಾರ್ಸೆಲ್ ಕೊಡಲು ಹೋಗಿದ್ದ.

ನಿಮ್ಮ ಅಜ್ಜ ಎದ್ದರು. ಎಡಗೈ ಚಾಚಿ, ಅರ್ಧಕ್ಕೆ ನಿಲ್ಲಿಸಿದರು. ಬಲಗೈ ಬ್ಯಾಂಡೇಜಿನಲ್ಲಿ. ಹಿರಿಯರ ಮುಂದೆ, ಅದರಲ್ಲೂ ಅಬು ನಾಸರರ ಮುಂದೆ, ಎಡಗೈಯಲ್ಲಿ ಊಟದ ತಟ್ಟೆ ಇಡುವುದು ಹೇಗೆ? ಅದು ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ನಿಮ್ಮ ಅಜ್ಜ ನನ್ನ ಮುಖ ನೋಡಿದರು. ತಡ ಮಾಡಿದರೆ ಬರ್ಗರ್ ಬೆವರುತ್ತದೆ, ಬನ್ ಒದ್ದೆಯಾಗುತ್ತದೆ.

“ನೀನೇ ಕೊಡು,” ಎಂದರು, ಮೆಲ್ಲಗೆ.

ನಾನು ತಲೆವಸ್ತ್ರ ಸರಿಮಾಡಿಕೊಂಡೆ. ಬಲಗೈಯಲ್ಲಿ ತಟ್ಟೆ ಹಿಡಿದು ಪರದೆ ಸರಿಸಿದೆ. ಪರದೆಯಿಂದ ಆ ಮೇಜಿಗೆ ಆರು ಹೆಜ್ಜೆ. ನೆಲದ ಟೈಲ್ಸಿನ ಮೇಲೆ ಕಂದು ಬಣ್ಣದ ಹೂ ಇತ್ತು ಎಂಬುದನ್ನು ಎರಡು ವರ್ಷದಲ್ಲಿ ಅಂದೇ ನೋಡಿದ್ದು. ತಟ್ಟೆ ಇಟ್ಟೆ. ಏನಾಗುತ್ತದೋ ನೋಡಬೇಕಿತ್ತು. ಅಲ್ಲೇ ನಿಂತೆ. ಅಬು ನಾಸರ್ ನನ್ನ ಕಡೆ ನೋಡಲಿಲ್ಲ. ದೇವರ ಹೆಸರಿನ ಬಿಸ್ಮಿ ಹೇಳಿ, ಕಣ್ಣು ಮುಚ್ಚಿ ತಿನ್ನತೊಡಗಿದರು. ಅರ್ಧ ಮುಗಿಯಿತು. ಅವರು ನಿಲ್ಲಿಸಿದರು. ಕಣ್ಣು ತೆರೆದು, ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

ನನಗೆ ನಿಮ್ಮ ಉಮ್ಮನ ಶಾಲೆಯ ಚೀಲ ಕಣ್ಣೆದುರು ಬಂತು.

ಅಬು ನಾಸರ್ ಅಬು ಸಮೀರರಿಗೆ ಅರಬಿಯಲ್ಲಿ ಏನೋ ಹೇಳಿದರು. ನಿಮ್ಮ ಅಜ್ಜ ಪರದೆಯ ಹತ್ತಿರದಿಂದ ನನಗೆ ಕೇಳುವ ಹಾಗೆ ನಮ್ಮ ಭಾಷೆಯಲ್ಲಿ ಹೇಳಿದರು: “ಇದನ್ನು ತಟ್ಟಿದ್ದು ತಣ್ಣಗಿನ ಕೈ ಎನ್ನುತ್ತಿದ್ದಾರೆ. ಉಳಿದ ಅರ್ಧ ಹೆಂಡತಿಗಂತೆ. ಕಾಗದದಲ್ಲಿ ಸುತ್ತಿ ಕೊಡಬೇಕಂತೆ.”

ಆ ತಟ್ಟೆಯನ್ನು ನಾನೇ ಒಳಗೆ ತಂದೆ. ಪೆಟ್ರೋಲ್ ಪಂಪಿನವನ ಹಾಗೆ ಕಾಗದ ಮಡಚಿ ಸುತ್ತಿದೆ. ಒಂದು ತುತ್ತು ಮಾಂಸ ಬಾಯಿಗೆ ಹಾಕಿಕೊಂಡು, ಅದನ್ನು ತಟ್ಟಿದ ಕೈ ಹೇಗಿತ್ತು ಎಂದು ಹೇಳುವ ಮನುಷ್ಯ! ಬೈರೂತಿನ ವಿಷಯ ಆಮೇಲೆ ಯಾರೂ ಎತ್ತಲಿಲ್ಲ. ಅಬು ಸಮೀರ್ ಆ ಸಂಜೆ ನನಗೆ ಹೇಳಿದ್ದು ಇಷ್ಟೇ: ನಾಳೆ ಈರುಳ್ಳಿ ಹೆಚ್ಚಲು ಬೇರೆ ಯಾರನ್ನಾದರೂ ನೋಡಬೇಕು.

ಆದರೆ ಮಕ್ಕಳೇ, ನನಗೆ ಇವತ್ತಿಗೂ ಅಬ್ಬಾ ಅನಿಸುವುದು ಅದಲ್ಲ. ಎರಡು ತಿಂಗಳಾಯಿತು. ಡಾಕ್ಟರು ಬ್ಯಾಂಡೇಜು ಬಿಚ್ಚಿದರು. ಮರುದಿನ ಬೆಳಿಗ್ಗೆ ನಾನು ಕಾವಲಿ ಒರೆಸಿ, ಸಟ್ಟುಗವನ್ನು ಅದರ ಮೇಲೆ ಇಟ್ಟು, ನನ್ನ ಕಿಂಡಿಯ ಆಚೆಗೆ ಹೋಗಿ ಚೂರಿ ಹಿಡಿದೆ. ನಿಮ್ಮ ಅಜ್ಜ ಬಂದರು. ಸಟ್ಟುಗ ಎತ್ತಿಕೊಂಡರು. ಹನ್ನೊಂದು ವರ್ಷ ಅವರು ಹಿಡಿದ ಸಟ್ಟುಗ, ಅದರ ಮರದ ಹಿಡಿ ಅವರ ಹೆಬ್ಬೆರಳಿಗೆ ಸರಿಯಾಗಿ ಸವೆದಿತ್ತು. ಅದನ್ನು ಒಮ್ಮೆ ತಿರುಗಿಸಿ ನೋಡಿ, ಕಿಂಡಿಯಿಂದ ನನ್ನ ಕಡೆಗೆ ಚಾಚಿದರು.

“ಇಗೊ. ನನ್ನ ಕೈ ಬಿಸಿ,” ಎಂದರು. “ನಾನು ಬನ್ ನೋಡಿಕೊಳ್ಳುತ್ತೇನೆ.”

ಆ ಕಾಲದಲ್ಲಿ, ನಮ್ಮ ಕಡೆಯ ಒಬ್ಬ ಗಂಡಸು ಹಾಗೆ ಹೇಳಿದರು. ಅವರ ಮುಖದಲ್ಲಿ ಬೇಸರ ಹುಡುಕಿದೆ. ಇರಲಿಲ್ಲ. ಊರಿಗೆ ರಜೆಯಲ್ಲಿ ಬಂದಾಗ ಯಾರಾದರೂ ಕೇಳಿದರೆ, ಅಡುಗೆ ಇವಳದು, ನಾನು ಹೆಲ್ಪರ್ ಎಂದು ನಗುತ್ತಿದ್ದರು. ಕೇಳಿದವರು ತಮಾಷೆ ಎಂದುಕೊಳ್ಳುತ್ತಿದ್ದರು. ನಾವು ಅಲ್ಲಿಯ ಕೆಲಸ ಖಲಾಸ್ ಮಾಡಿ ಊರಿಗೆ ಬರುವವರೆಗೂ ಆ ಕಾವಲಿಯ ಮುಂದೆ ನಾನೇ ನಿಂತೆ. ರೆಡಿ ಮಾಡಿ ಪೆಟ್ಟಿಗೆಯಲ್ಲಿ ಬರುವ ಹೆಪ್ಪುಗಟ್ಟಿದ ಬರ್ಗರುಗಳು ದೋಹಾದಲ್ಲೆಲ್ಲ ಬಂದ ಮೇಲೂ ಅಬು ಸಮೀರ್ ಅವನ್ನು ಒಳಗೆ ಬಿಡಲಿಲ್ಲ. ಅವು ಕಾವಲಿಯ ಮೇಲೆ ಮಾತಾಡುವುದಿಲ್ಲ ಎನ್ನುತ್ತಿದ್ದರು. ಪರದೆ ಮಾತ್ರ ಹಾಗೇ ಇತ್ತು. ಗುರುವಾರ ಮಾತ್ರ ನಾನು ಅದನ್ನು ಸರಿಸಿ ಆರು ಹೆಜ್ಜೆ ಹೋಗಿ ಬರುತ್ತಿದ್ದೆ.

ಸುಹೈಲಾ, ಆ ಸಟ್ಟುಗ ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿ ಹಳೆಯ ತಲೆವಸ್ತ್ರದಲ್ಲಿ ಸುತ್ತಿಟ್ಟಿದೆ. ಮುಂದಿನ ಸಲ ಬಂದಾಗ ತೆಗೆದುಕೊಂಡು ಹೋಗು, ನಿನಗೇ ಅದು. ಹಿಡಿಯ ಮೇಲೆ ಎರಡು ಹೆಬ್ಬೆರಳಿನ ಗುರುತು ಉಂಟು. ದೊಡ್ಡದು ಯಾರದು, ಅದರೊಳಗಿನ ಸಣ್ಣದು ಯಾರದು ಎಂದು ಸಟ್ಟುಗ ಹೇಳುವುದಿಲ್ಲ. ಅದನ್ನು ಹೇಳುವುದು ಈ ಹಾಳೆಗಳು ಮಾತ್ರ. ಇಮ್ರಾನ್, ನೀನು ಇವನ್ನು ನೀರು ತಾಗದ ಜಾಗದಲ್ಲಿ ಜೋಪಾನವಾಗಿ ಇಡು.